ತಣ್ಣಗಿರುವಾಗ ಹಾಕಿದ ಗಾಳಿ

ಪೆಟ್ರೋಲ್ ಬಂಕಿನ ಮೂಲೆಯಲ್ಲಿ ಗಾಳಿಯ ಪೈಪು ಹಿಡಿದು ನಿಂತ ಹುಡುಗ ಕೇಳುವ ಪ್ರಶ್ನೆ ಎಷ್ಟು ಸಣ್ಣದೆಂದರೆ, ಅದೊಂದು ಪ್ರಶ್ನೆ ಎಂದೇ ನಮಗೆ ಅನ್ನಿಸುವುದಿಲ್ಲ. “ಎಷ್ಟು ಹಾಕ್ಲಿ ಸಾರ್?” ಎನ್ನುತ್ತಾನೆ ಅವನು. ಹೆಚ್ಚಿನವರು “ನೀನೇ ನೋಡಿ ಹಾಕಪ್ಪ” ಎಂದುಬಿಡುತ್ತಾರೆ. ಕೆಲವರು ಎಂದೋ ಯಾರೋ ಹೇಳಿದ್ದ ಅಂಕಿಯೊಂದನ್ನು, ಅದು ಬೇರೆ ಗಾಡಿಯದ್ದಿರಬಹುದೆಂಬ ಅನುಮಾನವೂ ಇಲ್ಲದೆ, ಒಪ್ಪಿಸುತ್ತಾರೆ. ಇನ್ನು ಕೆಲವರು ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ದೊಡ್ಡ ಸಂಖ್ಯೆಯನ್ನು ತೋರಿಸುತ್ತಾರೆ. ಅದು ಆ ಟೈರು ತಡೆಯಬಲ್ಲ ಗರಿಷ್ಠ ಭಾರದ ಲೆಕ್ಕವೇ ಹೊರತು ಅವರ ಗಾಡಿಗೆ ಬೇಕಾದ ಗಾಳಿಯ ಲೆಕ್ಕವಲ್ಲ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಬೇಕಾದ ಲೆಕ್ಕ ಚೈನ್ ಕವರಿನ ಮೇಲೋ ಹಿಂಚಕ್ರ ಹಿಡಿದ ಕಬ್ಬಿಣದ ತೋಳಿನ ಮೇಲೋ ಅಂಟಿಸಿದ ಒಂದು ಸಣ್ಣ ಚೀಟಿಯಲ್ಲಿ ಧೂಳು ತಿನ್ನುತ್ತಾ ಇರುತ್ತದೆ. ಪುಕ್ಕಟೆ ಸಿಗುವ ಗಾಳಿಗೆ ಇಷ್ಟೆಲ್ಲ ಯೋಚನೆ ಏಕೆ ಎಂಬುದು ನಮ್ಮ ಒಳಗಿನ ಮಾತು. ಆದರೆ ಆ ಹುಡುಗನಿಗೆ ನಿಜವಾದ ಉತ್ತರ ಕೊಡಬೇಕೆಂದು ಒಮ್ಮೆ ಕೂತು ಯೋಚಿಸಿದವರಿಗೆ ಗೊತ್ತು: ನಾನು ಎಲ್ಲಿಗೆ ಹೊರಟಿದ್ದೇನೆ, ಯಾರನ್ನು ಕೂರಿಸಿಕೊಂಡು, ಎಂಥ ಬಿಸಿಲಿನಲ್ಲಿ, ಎಷ್ಟು ವೇಗದಲ್ಲಿ, ನನ್ನ ಕೈಗೆ ಎಷ್ಟು ಸಾಮರ್ಥ್ಯವಿದೆ ಎಂಬ ಎಲ್ಲದಕ್ಕೂ ಉತ್ತರ ಹುಡುಕಿದ ಮೇಲಷ್ಟೇ ಬಾಯಿಂದ ಒಂದು ಅಂಕಿ ಬರಲು ಸಾಧ್ಯ.

ಗಾಡಿಯ ಭಾರವನ್ನು ಟೈರು ಹೊರುತ್ತದೆ ಎಂದು ನಾವು ಅಂದುಕೊಂಡಿರುತ್ತೇವೆ. ಬಹುಪಾಲು ಹೊರುವುದು ಒಳಗಿನ ಗಾಳಿ. ರಬ್ಬರು ಮತ್ತು ಅದರೊಳಗಿನ ನೂಲಿನ ಹೆಣಿಗೆ ಆ ಗಾಳಿಯನ್ನು ಅಂಕೆಯಲ್ಲಿಡುತ್ತವೆ, ಅಷ್ಟೆ. ಇಂಥದೊಂದು ಚಕ್ರಕ್ಕೆ 1845ರಲ್ಲೇ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬವರು ಪೇಟೆಂಟ್ ಪಡೆದಿದ್ದರು. ಕುದುರೆಗಾಡಿಗಳ ಆ ಕಾಲಕ್ಕೆ ಅದರ ಅಗತ್ಯ ಕಾಣಲಿಲ್ಲ, ಲೋಕ ಮರೆಯಿತು. ನಾಲ್ಕು ದಶಕದ ನಂತರ ಬೆಲ್‌ಫಾಸ್ಟ್‌ನಲ್ಲಿ ಪಶುವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತಮ್ಮ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಅದನ್ನು ಮತ್ತೆ ಕಂಡುಹಿಡಿದರು. ಗಟ್ಟಿ ಚಕ್ರದ ಮೇಲೆ ಕುಲುಕಾಡುವ ಮಗುವಿನ ಮೇಲಿನ ಮಮತೆಯಿಂದ ಹುಟ್ಟಿದ ವಸ್ತು ಇದು ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಓಟದ ಕಣಕ್ಕೆ ಅದು ಹೋದದ್ದು ಆಮೇಲೆ.

ಈ ಗಾಳಿಯ ಗುಣವೇನೆಂದರೆ, ಅದು ಭಾರವನ್ನು ಹೊರುತ್ತಲೇ ಒಂದಿಷ್ಟು ಬಗ್ಗಿಕೊಡುತ್ತದೆ. ಟೈರು ನೆಲವನ್ನು ಮುಟ್ಟುವ ಕಡೆ ತುಸು ಚಪ್ಪಟೆಯಾಗುತ್ತದೆ. ಗಾಡಿ, ಸವಾರ, ಪೆಟ್ರೋಲು ಎಲ್ಲ ಸೇರಿ ಇನ್ನೂರೈವತ್ತು ಕಿಲೋ ದಾಟುವ ತೂಕ, ತಿರುವಿನಲ್ಲಿ ಮಗ್ಗುಲಾಗಿ ವಾಲಿದಾಗಲೂ, ಒಂದೊಂದು ಚಕ್ರಕ್ಕೆ ಅಂಗೈ ಅಗಲದ ಆ ಚಪ್ಪಟೆ ಜಾಗದ ಮೇಲೆ ನಿಂತಿರುತ್ತದೆ. ಆ ಜಾಗ ಉರುಳಿ ಮುಂದೆ ಹೋದಂತೆ ರಬ್ಬರು ಬಗ್ಗುತ್ತದೆ, ಮತ್ತೆ ನೆಟ್ಟಗಾಗುತ್ತದೆ, ಪ್ರತಿ ಸುತ್ತಿನಲ್ಲೂ ಹೀಗೆ ಬಗ್ಗಿ ಎದ್ದು ಬಿಸಿಯಾಗುತ್ತದೆ. ಹಾಗೆ ಬಿಸಿಯಾದ ರಬ್ಬರೇ ನೆಲದ ಸಣ್ಣ ಕಲ್ಲುಗಳ ಸಂದುಗೊಂದಿಗೆ ಇಳಿದು ಹಿಡಿದುಕೊಳ್ಳುವುದು. ಬಗ್ಗದೆ ಇದ್ದರೆ ಹಿಡಿತವಿಲ್ಲ. ಅತಿಯಾಗಿ ಬಗ್ಗಿದರೆ ಒಳಗಿನ ಹೆಣಿಗೆ ಕಾದು, ದಣಿದು, ಕೊನೆಗೆ ಕೈಬಿಡುತ್ತದೆ. ಇವೆರಡರ ನಡುವೆ ಇರುವ ಜಾಗ ಬಹಳ ಕಿರಿದು. ಗಾಳಿ ಹಾಕುವುದೆಂದರೆ ಆ ಕಿರಿದಾದ ಜಾಗದಲ್ಲಿ ಎಲ್ಲಿ ನಿಲ್ಲಬೇಕೆಂದು ಗಾಡಿ ಹೊರಡುವ ಮೊದಲೇ ತೀರ್ಮಾನಿಸುವುದು.

ದೊಡ್ಡ ಸ್ಪೋರ್ಟ್ಸ್ ಬೈಕುಗಳ ಚೀಟಿಯಲ್ಲಿ ರಸ್ತೆಗೆಂದು ಮುಂದೆ 36, ಹಿಂದೆ 42 ಪಿಎಸ್‌ಐ ಎಂದು ಬರೆದಿರುವುದು ಸಾಮಾನ್ಯ. ಅದೇ ಟೈರಿನಲ್ಲಿ ಅದೇ ಗಾಡಿಯನ್ನು ಟ್ರ್ಯಾಕಿಗೆ ಒಯ್ದವರು ಎರಡೂ ಚಕ್ರವನ್ನು ಮೂವತ್ತರ ಆಸುಪಾಸಿಗೆ ಇಳಿಸುತ್ತಾರೆ, ಎಷ್ಟೋ ಬಾರಿ ಹಿಂದಿನದನ್ನು ಮುಂದಿನದಕ್ಕಿಂತ ಕಡಿಮೆ ಇಡುತ್ತಾರೆ. ಮೈಮೇಲೆ ಗೆರೆಗಳಿಲ್ಲದ ಓಟದ ಸ್ಲಿಕ್ ಟೈರುಗಳಾದರೆ, ಬಿಸಿ ಕಂಬಳಿಯಂಥ ವಾರ್ಮರ್ ಸುತ್ತಿ ಎಂಬತ್ತು ತೊಂಬತ್ತು ಡಿಗ್ರಿಗೆ ಕಾಯಿಸಿದ ಮೇಲೂ ಹಿಂದಿನ ಚಕ್ರದ ಅಂಕಿ ಇನ್ನೂ ಕೆಳಗಿರಬಹುದು. ಕಾರಣ ಗೂಢವೇನಲ್ಲ. ಟ್ರ್ಯಾಕಿನಲ್ಲಿ ಬ್ರೇಕು ಹಿಡಿಯುವಾಗ ಮುಂಚಕ್ರದ ಮೇಲೆ ಭಾರವೆಲ್ಲ ಕುಸಿಯುತ್ತದೆ, ಅದಕ್ಕೆ ಬಲ ಬೇಕು. ತಿರುವು ಮುಗಿಸಿ ಎಳೆಯುವಾಗ ಹಿಂಚಕ್ರಕ್ಕೆ ಅಗಲವಾದ ನೆಲೆ ಬೇಕು. ರಸ್ತೆಯಲ್ಲಿ ಹಿಂಚಕ್ರಕ್ಕೆ ಹೆಚ್ಚು, ಟ್ರ್ಯಾಕಿನಲ್ಲಿ ಹಿಂಚಕ್ರಕ್ಕೆ ಕಡಿಮೆ. ಈ ತಿರುವುಮುರುವು ನನ್ನನ್ನು ಬಹುಕಾಲ ಕಾಡಿದೆ.

ಯಾಕೆಂದರೆ, ರಸ್ತೆಯ ಆ 42 ಅನ್ನು ಸಮಾಧಾನದಿಂದ ಓದಿದರೆ ಅದರಲ್ಲಿ ಇನ್ನೊಬ್ಬರು ಕೂತಿರುವುದು ಕಾಣುತ್ತದೆ. ಹಿಂದಿನ ಸೀಟಿನಲ್ಲಿ ಬಂದು ಕೂರಬಹುದಾದ ಗೆಳೆಯ, ತಂಗಿ, ಹೆಂಡತಿ, ಊರಿಗೆ ಹೊರಟ ತಂದೆ, ಕ್ಯಾರಿಯರಿಗೆ ಕಟ್ಟಿದ ಚೀಲ, ಇವರೆಲ್ಲರ ಭಾರ ಆ ಅಂಕಿಯೊಳಗೆ ಸೇರಿದೆ. ನೂರು ಸಿಸಿಯ ಸಾಧಾರಣ ಬೈಕಿನ ಚೀಟಿ ಇದನ್ನು ಇನ್ನೂ ಬಿಚ್ಚಿ ಹೇಳುತ್ತದೆ: ಮುಂದೆ 25, ಹಿಂದೆ ಒಬ್ಬರಾದರೆ 28, ಇಬ್ಬರಾದರೆ ಅದಕ್ಕಿಂತ ಸಾಕಷ್ಟು ಹೆಚ್ಚು. ಇಬ್ಬರಿಗೆಂದೇ ಒಂದು ಬೇರೆ ಸಾಲನ್ನು ಅಚ್ಚು ಮಾಡಿಸಿದ ಎಂಜಿನಿಯರ್ ಯಾರೆಂದು ನಮಗೆ ಗೊತ್ತಿಲ್ಲ. ಆದರೆ ಅವರ ಮೇಜಿನ ಮುಂದೆ ನಮ್ಮ ಮನೆಯವರು ಒಂದು ಕ್ಷಣ ಇದ್ದರು ಎನ್ನುವುದಂತೂ ನಿಜ. ಆ ಸಾಲನ್ನು ಓದಿ, ಅದರಂತೆ ಗಾಳಿ ಹಾಕಿಸಿಕೊಂಡು ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟವರು ಎಷ್ಟು ಮಂದಿ ಸಿಗಬಹುದು? ಹಿಂದೆ ಕೂತವರಿಗೆ ಹೆಲ್ಮೆಟ್ ಕೊಡಿಸುವುದು ಕಣ್ಣಿಗೆ ಕಾಣುವ ಕಾಳಜಿ. ಅವರಿಗಾಗಿ ಹಿಂಚಕ್ರಕ್ಕೆ ಗಾಳಿ ತುಂಬಿಸುವುದು ಅವರಿಗೂ ತಿಳಿಯದ, ಯಾರೂ ಮೆಚ್ಚಿ ಮಾತಾಡದ ಕಾಳಜಿ. ನಾನು ಎರಡನೆಯದನ್ನು ಹೆಚ್ಚು ಗೌರವಿಸುತ್ತೇನೆ.

ಟ್ರ್ಯಾಕಿನ ಅಂಕಿಯಲ್ಲಿ ಹಾಗೆ ಇನ್ನೊಬ್ಬರಿಲ್ಲ. ಅಲ್ಲಿ ಸವಾರ ಒಬ್ಬನೇ. ಎದುರಿನಿಂದ ಯಾರೂ ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ, ಗುಂಡಿ ಇರುವುದಿಲ್ಲ, ಬಿದ್ದರೆ ಓಡಿ ಬರಲು ಬಾವುಟ ಹಿಡಿದ ಮಾರ್ಷಲ್‌ಗಳಿರುತ್ತಾರೆ, ಆಂಬುಲೆನ್ಸ್ ಎಂಜಿನ್ ಆರಿಸದೆ ಕಾದಿರುತ್ತದೆ. ಇಷ್ಟೆಲ್ಲ ಏರ್ಪಾಡು ಸುತ್ತ ಇರುವುದರಿಂದಲೇ ಟೈರನ್ನು ಅಷ್ಟು ಮೆದುವಾಗಿ ಇಡುವ ಸ್ವಾತಂತ್ರ್ಯ ಅಲ್ಲಿ ದಕ್ಕುತ್ತದೆ. ನಾವು ಬಹಳ ಸಲ ನಮ್ಮದೇ ಧೈರ್ಯ ಎಂದುಕೊಳ್ಳುವುದರಲ್ಲಿ ಎಷ್ಟು ಪಾಲು ಬೇರೆಯವರು ನಮಗಾಗಿ ಮಾಡಿಟ್ಟ ಏರ್ಪಾಡಿನದು ಎಂದು ಕೂತು ಎಣಿಸುವುದಿಲ್ಲ. ರಸ್ತೆಗೆ ಆ ಏರ್ಪಾಡು ಇಲ್ಲ. ರಸ್ತೆಯ ಅಂಕಿಯಲ್ಲಿ ಆ ಕೊರತೆಗೂ ಒಂದು ಪಾಲು ಮೀಸಲಾಗಿದೆ: ಕತ್ತಲಲ್ಲಿ ಕಾಣದ ಗುಂಡಿಗೆ ಇಳಿದಾಗ ರಿಮ್ಮು ಬಾಗದಿರಲಿ ಎಂದು, ಮಳೆಯ ನೀರನ್ನು ಟೈರಿನ ಗೆರೆಗಳು ತೆರೆದುಕೊಂಡೇ ಇದ್ದು ಆಚೆ ತಳ್ಳಲಿ ಎಂದು, ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡಿದರೂ ಒಳಗಿನ ಹೆಣಿಗೆ ಕಾದು ಕೆಡದಿರಲಿ ಎಂದು.

ಇಲ್ಲಿಂದ ಮುಂದೆ ವಿಷಯ ಇನ್ನಷ್ಟು ಸೂಕ್ಷ್ಮವಾಗುತ್ತದೆ. ರಸ್ತೆಗೆ ಹೇಳಿದ ಅಂಕಿಗಳೆಲ್ಲ ತಣ್ಣಗಿರುವ ಟೈರಿನ ಅಂಕಿಗಳು; ಗಾಡಿ ಕೆಲವು ಗಂಟೆ ನಿಂತಿದ್ದು, ಬಿಸಿಲಿಗೆ ಬಿದ್ದಿರದೆ, ಇನ್ನೂ ಹೊರಡದಿರುವಾಗ ನೋಡಬೇಕಾದವು. ಓಡತೊಡಗಿದ ಮೇಲೆ ಒಳಗಿನ ಗಾಳಿ ಕಾಯುತ್ತದೆ, ಕಾದ ಗಾಳಿಯ ಒತ್ತಡ ಏರುತ್ತದೆ. ಲೆಕ್ಕ ಸರಳ: ಮೂವತ್ತು ಪಿಎಸ್‌ಐಯ ಆಸುಪಾಸಿನಲ್ಲಿ ಪ್ರತಿ ಹತ್ತು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು ಒಂದೂವರೆ ಪಿಎಸ್‌ಐ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆಯ ಟ್ರ್ಯಾಕಿನಲ್ಲಿ ಬೆಳಗಿನ 30 ಡಿಗ್ರಿಯಲ್ಲಿ 30 ಹಾಕಿದ ಟೈರು, ಕೆಲವು ಬಿರುಸಾದ ಸುತ್ತು ಹೊಡೆದು ಒಳಗಾಳಿ 80 ಡಿಗ್ರಿ ಮುಟ್ಟಿದಾಗ, 37ನ್ನು ದಾಟಿರುತ್ತದೆ. ಹಾಗಾಗಿ ಟ್ರ್ಯಾಕಿನವರು ಪಿಟ್‌ಗೆ ಬಂದ ತಕ್ಷಣ, ಹೆಲ್ಮೆಟ್ ತೆಗೆಯುವುದಕ್ಕೂ ಮುಂಚೆ, ಬಿಸಿಯಲ್ಲೇ ಅಳತೆ ನೋಡುತ್ತಾರೆ. ರಸ್ತೆಯವರು ಹಾಗೆ ಬಿಸಿಯಲ್ಲಿ ನೋಡಿ, ಅಯ್ಯೋ ಜಾಸ್ತಿಯಾಯಿತೆಂದು ಗಾಳಿ ಬಿಡಬಾರದು. ಬಿಟ್ಟರೆ ಮರುದಿನ ಬೆಳಿಗ್ಗೆ ಅದು ಬೇಕಾದ್ದಕ್ಕಿಂತ ಎಷ್ಟೋ ಕೆಳಗೆ ಕೂತಿರುತ್ತದೆ. ಏರಿದ್ದು ತಪ್ಪಲ್ಲ, ಏರಲೆಂದೇ ಚೀಟಿಯ ಅಂಕಿಯನ್ನು ಗೊತ್ತುಮಾಡಿದ್ದಾರೆ.

ಅಂದರೆ, ಕಾದಾಗ ಎಷ್ಟಿರಬೇಕೆಂಬುದನ್ನು ತಣ್ಣಗಿರುವಾಗಲೇ ನಿರ್ಧರಿಸಬೇಕು. ಕಛೇರಿಗೆ ಮೊದಲು ನೇಪಥ್ಯದ ಕೋಣೆಯಲ್ಲಿ ಮೃದಂಗವನ್ನು ಶ್ರುತಿ ಮಾಡುವ ವಿದ್ವಾಂಸರು, ವೇದಿಕೆಯ ದೀಪದ ಝಳಕ್ಕೆ ಚರ್ಮ ಎಷ್ಟು ಬಿಗಿಯಾದೀತೆಂಬ ಅಂದಾಜನ್ನು ಕೈಯಲ್ಲೇ ಇಟ್ಟುಕೊಂಡಿರುತ್ತಾರೆ. ಆದರೆ ಅವರು ಎರಡು ಕೀರ್ತನೆಗಳ ನಡುವೆ ಕಲ್ಲು ಎತ್ತಿಕೊಂಡು ಮತ್ತೆ ತಟ್ಟಿ ಸರಿಮಾಡಬಹುದು. ತಿರುವಿನಲ್ಲಿ ಮಂಡಿ ನೆಲ ಸವರುವಷ್ಟು ವಾಲಿದವನಿಗೆ ಆ ಅವಕಾಶವಿಲ್ಲ. ಅವನ ಕೈಯಲ್ಲಿ ಉಳಿದಿರುವುದು ಬೆಳಿಗ್ಗೆ ತನ್ನ ಬಗ್ಗೆ ತಾನು ಮಾಡಿಕೊಂಡ ಅಂದಾಜು ಮಾತ್ರ. ಸಿಟ್ಟಿನಲ್ಲಿ, ಭಯದಲ್ಲಿ, ಗೆಲುವಿನ ಉಮೇದಿನಲ್ಲಿ ನಾವು ನಡೆದುಕೊಳ್ಳುವ ರೀತಿಯನ್ನು ಆ ಹೊತ್ತಿನಲ್ಲೇ ತಿದ್ದಿಕೊಳ್ಳಬಹುದೆಂದು ನಾವು ನಂಬಿರುತ್ತೇವಲ್ಲ, ಆ ನಂಬಿಕೆಗೆ ಎಷ್ಟು ಆಧಾರವಿದೆ? ಕಾವೇರಿದ ಮೇಲೆ ಮಾಡುವುದಕ್ಕೆ ಬಹಳ ಕಡಿಮೆ ಉಳಿದಿರುತ್ತದೆ ಎಂಬುದನ್ನು ಈ ಸವಾರರು ನಮ್ಮೆಲ್ಲರಿಗಿಂತ ಚೆನ್ನಾಗಿ ಬಲ್ಲರು ಎಂದು ನನಗೆ ಅನ್ನಿಸಿದೆ.

ಬಲ್ಲರು ಎಂದೆ, ಆದರೆ ಟ್ರ್ಯಾಕಿನ ಪಕ್ಕ ಗಾಡಿಗಳನ್ನು ಸಜ್ಜುಮಾಡುವ ಪ್ಯಾಡಕಿನಲ್ಲಿ ಬೆಳಗಿನ ಹೊತ್ತು ಅಡ್ಡಾಡಿದರೆ ಇನ್ನೊಂದು ಮಾತೂ ಕಿವಿಗೆ ಬೀಳುತ್ತದೆ. ಬೆಂಗಳೂರಿನಿಂದ ಸುಮಾರು 300 ಕಿಲೋಮೀಟರು ಓಡಿಸಿಕೊಂಡು ಬಂದು, ಹೊಟೇಲಿನಲ್ಲಿ ರಾತ್ರಿ ಕಳೆದು, ಕನ್ನಡಿ ಬಿಚ್ಚಿ, ಹೆಡ್‌ಲೈಟಿಗೆ ಟೇಪು ಅಂಟಿಸುತ್ತಿರುವ ಹುಡುಗರು ಒಬ್ಬರನ್ನೊಬ್ಬರು ಕೇಳುತ್ತಾರೆ: “ಎಷ್ಟಿಟ್ಟೆ ಮಗಾ?” “ಅವ್ರು ಇಪ್ಪತ್ತೆಂಟು ಇಟ್ಟಿದಾರಂತೆ, ನಾನೂ ಅಷ್ಟೇ ಇಟ್ಟೆ.” ಆ ‘ಅವ್ರು’ ಆ ದಿನ ಅಲ್ಲಿರುವವರಲ್ಲೇ ಅತಿ ವೇಗದವರು. ಅವರು ಆ ಅಂಕಿ ಇಟ್ಟದ್ದಕ್ಕೆ ಅವರದೇ ಕಾರಣಗಳಿವೆ: ಅವರ ಟೈರಿನ ರಬ್ಬರು ಬೇರೆ, ಅವರ ತೂಕ ಬೇರೆ, ಎಲ್ಲಕ್ಕಿಂತ ಮುಖ್ಯವಾಗಿ ಅವರು ಮೂರನೇ ಸುತ್ತಿನಲ್ಲೇ ಟೈರನ್ನು ಕಾಯಿಸಬಲ್ಲರು. ಆ ಕಾವನ್ನು ಹುಟ್ಟಿಸಲಾರದವನು ಅಂಕಿಯನ್ನು ಮಾತ್ರ ತೆಗೆದುಕೊಂಡರೆ, ಅವನ ಟೈರು ಕೊನೆಯವರೆಗೂ ಬೇಕಾದಷ್ಟು ಕಾಯದೇ ಉಳಿಯುತ್ತದೆ. ಹಿಡಿಯಬೇಕಾದ ಕಡೆ ಜಾರುತ್ತದೆ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಿಧಾನವಾಗಿ ಓಡಿಸುವವನಿಗೆ ಅವನದೇ ಆದ ಸರಿಯಾದ ಗಾಳಿ ಇದೆ, ಅದರಲ್ಲಿ ಅವನು ದಿನವಿಡೀ ಸುಖವಾಗಿ, ಕಲಿಯುತ್ತಾ ಓಡಿಸಬಹುದು. ಆದರೆ ಅದನ್ನು ಕಂಡುಕೊಳ್ಳಲು ಅವನು ಮೊದಲು “ನಾನು ನಿಧಾನ” ಎಂದು ತನ್ನೊಳಗೆ ಒಪ್ಪಬೇಕು. ಮನುಷ್ಯನಿಗೆ ಈ ಒಪ್ಪಿಗೆ ಇಷ್ಟು ಕಷ್ಟವೇಕೆ? ಇನ್ನೊಬ್ಬರ ಸಾಧನೆಯ ಕೊನೆಯಲ್ಲಿ ಕಾಣುವ ಸಂಖ್ಯೆಯನ್ನು ಎತ್ತಿಕೊಂಡರೆ ಸಾಧನೆಯೂ ಜೊತೆಗೆ ಬರುತ್ತದೆ ಎಂಬ ಆಸೆ ಮಕ್ಕಳ ಓದಿನಿಂದ ಹಿಡಿದು ನಮ್ಮ ಮನೆ ಕಟ್ಟುವ ಲೆಕ್ಕದವರೆಗೆ ಹರಡಿಕೊಂಡಿದೆ.

ಅದೃಷ್ಟಕ್ಕೆ ಟೈರು ಯಾರ ಮುಲಾಜೂ ಇಲ್ಲದೆ ಸತ್ಯ ಹೇಳುತ್ತದೆ. ಟ್ರ್ಯಾಕಿನ ಅನುಭವಿಗಳು ಪ್ರತಿ ಸುತ್ತಾಟದ ನಂತರ ಕುಕ್ಕುರುಗಾಲಲ್ಲಿ ಕೂತು ಟೈರಿನ ಮೈಯನ್ನು ಬೆರಳಿನಿಂದ ಸವರುತ್ತಾರೆ. ರಬ್ಬರು ಸಣ್ಣ ಸಣ್ಣ ಎಳೆಯಾಗಿ, ಮೇಲುಮೇಲೆ, ನಯವಾಗಿ ಎದ್ದಿದ್ದರೆ ಒಂದು ಅರ್ಥ. ಚೂಪು ಅಂಚುಗಳೊಡನೆ ಆಳವಾಗಿ ಕಿತ್ತು ಬಂದಿದ್ದರೆ ಇನ್ನೊಂದು. ಎರಡನೆಯದು ಮೇಲ್ಮೈ ಕಾದು ಒಳಗು ಕಾಯದೆ ಉಳಿದದ್ದರ ಗುರುತು ಎಂದು ಅವರು ಹೇಳುತ್ತಾರೆ. ಸವಾರ ಏನೇ ಹೇಳಿಕೊಳ್ಳಲಿ, ಎಲ್ಲಿಯವರೆಗೆ ವಾಲಿದ್ದ ಎಂಬುದು ಅಂಚಿನಲ್ಲಿ ಮುಟ್ಟದೆ ಉಳಿದ ರಬ್ಬರಿನ ಪಟ್ಟಿಯಲ್ಲಿ ಕಾಣುತ್ತದೆ. ಈ ಗುರುತುಗಳನ್ನು ಓದಿ ಒಂದೊಂದು ಪಿಎಸ್‌ಐ ಏರಿಸಿ, ಅರ್ಧ ಇಳಿಸಿ, ಆಯಾ ದಿನದ ಬಿಸಿಲನ್ನೂ ನೆಲದ ಕಾವನ್ನೂ ಬದಿಗೆ ಬರೆದಿಟ್ಟುಕೊಳ್ಳುವವರ ಪುಟ್ಟ ಡೈರಿಗಳಿರುತ್ತವೆ. ಆ ಡೈರಿಯ ಪುಟಗಳಷ್ಟು ಪ್ರಾಮಾಣಿಕವಾದ ಬರಹ ನಾನು ಕಂಡದ್ದು ಕಡಿಮೆ. ಮೆಚ್ಚಿಸಬೇಕಾದ ಓದುಗರಿಲ್ಲ, ಸುಳ್ಳು ಬರೆದರೆ ಬೀಳುವವನು ಬರೆದವನೇ.

ಒತ್ತಡದ ಆಯ್ಕೆ ಎಂದರೆ ಭವಿಷ್ಯದ ಬಗ್ಗೆ ಹೇಳುವ ಒಂದು ಮಾತು ಎನ್ನುವುದು ಲೋಕದ ಅತಿ ದೊಡ್ಡ ಕಣದಲ್ಲಿ ಎಲ್ಲರ ಕಣ್ಣೆದುರೇ ನಡೆದುಹೋಗಿದೆ. ಮೋಟೋ ಜಿಪಿ ಎಂಬ ಬೈಕ್ ಓಟದಲ್ಲಿ ಮುಂಚಕ್ರದ ಗಾಳಿ ಕನಿಷ್ಠ 1.8 ಬಾರ್, ಅಂದರೆ ಸುಮಾರು 26 ಪಿಎಸ್‌ಐ ಇರಬೇಕು, ಮುಖ್ಯ ಓಟದ ಶೇ 60ರಷ್ಟು ಸುತ್ತುಗಳಲ್ಲಾದರೂ ಅದಕ್ಕಿಂತ ಕೆಳಗಿಳಿಯಬಾರದು ಎಂಬ ನಿಯಮ 2024ರಿಂದ ಇದೆ. ಅದರ ಹಿಂದಿನ ವರ್ಷ 1.88 ಇತ್ತು. ತಪ್ಪಿದರೆ ಓಟದ ಕಾಲಕ್ಕೆ 16 ಸೆಕೆಂಡು ಸೇರಿಸುತ್ತಾರೆ. ಆ ಓಟದಲ್ಲಿ ಹದಿನಾರು ಸೆಕೆಂಡು ಎಂದರೆ ಗೆದ್ದವರು ಹತ್ತರಾಚೆಗೆ ಬೀಳುವಷ್ಟು. ತೊಡಕು ಇರುವುದು ಇಲ್ಲಿ: ಮುಂದೆ ಒಬ್ಬನೇ ಓಡುವವನ ಟೈರಿಗೆ ತಂಪಾದ ಗಾಳಿ ಬಡಿಯುತ್ತದೆ, ಅದರ ಒತ್ತಡ ಏರುವುದು ನಿಧಾನ. ಇನ್ನೊಬ್ಬರ ಬೆನ್ನಿಗೆ ಅಂಟಿ ಓಡುವವನಿಗೆ ಮುಂದಿನ ಎಂಜಿನ್ನಿನ ಬಿಸಿಯುಸಿರು ಬಡಿಯುತ್ತದೆ, ತಂಪು ಗಾಳಿಯ ಹರಿವು ಕಡಿಮೆಯಾಗುತ್ತದೆ, ಒತ್ತಡ ಬೇಗ ಏರುತ್ತದೆ. ಅತಿಯಾಗಿ ಏರಿದರೆ ಮುಂಚಕ್ರ ಬ್ರೇಕಿನಲ್ಲಿ ಜಾರತೊಡಗುತ್ತದೆ. ಹಾಗಾಗಿ ಓಟಕ್ಕೆ ಮೊದಲು ಗಾಳಿ ಹಾಕುವ ತಂತ್ರಜ್ಞ ಒಂದು ಪ್ರಶ್ನೆಗೆ ಉತ್ತರ ಕೊಡಲೇಬೇಕು: ನಮ್ಮ ಸವಾರ ಇವತ್ತು ಮುಂದಿರುತ್ತಾನೋ, ಗುಂಪಿನಲ್ಲಿರುತ್ತಾನೋ? ಮುಂದಿರುತ್ತಾನೆಂದು ನಂಬಿ ಹೆಚ್ಚು ಹಾಕಿ, ಅವನು ಗುಂಪಿನಲ್ಲಿ ಸಿಕ್ಕಿಕೊಂಡರೆ ಕಷ್ಟ. ಹಿಂದುಳಿಯುತ್ತಾನೆಂದು ಕಡಿಮೆ ಹಾಕಿ, ಅವನು ಎಲ್ಲರನ್ನೂ ದಾಟಿ ಮುಂದೆ ಬಂದುಬಿಟ್ಟರೆ, ಆ ಒಳ್ಳೆಯ ದಿನವೇ ಅವನಿಗೆ ಮುಳುವಾಗುತ್ತದೆ.

2025ರ ಮಾರ್ಚ್ 2ರಂದು ಥಾಯ್ಲೆಂಡಿನ ಬುರಿರಾಮ್‌ನಲ್ಲಿ ಆ ವರ್ಷದ ಮೊದಲ ಮುಖ್ಯ ಓಟ. ಸವಾರ ಮಾರ್ಕ್ ಮಾರ್ಕೆಸ್ ಮೊದಲಿನಿಂದಲೇ ಮುಂದಿದ್ದರು, ಹಿಂದೆ ಅವರ ತಮ್ಮ ಅಲೆಕ್ಸ್. ಕೆಲವು ಸುತ್ತಿನ ನಂತರ ಮಾರ್ಕ್ ಇದ್ದಕ್ಕಿದ್ದಂತೆ ವೇಗ ತಗ್ಗಿಸಿ ತಮ್ಮನಿಗೆ ದಾರಿ ಬಿಟ್ಟರು. ನೋಡುತ್ತಿದ್ದವರಿಗೆ ಗಾಡಿ ಕೆಟ್ಟಿತೇನೋ ಅನ್ನಿಸಿತು. ಗಾಡಿ ಕೆಟ್ಟಿರಲಿಲ್ಲ, ಮುಂಚಕ್ರದ ಒತ್ತಡ ನಿಯಮದ ಗೆರೆಗಿಂತ ಕೆಳಗಿತ್ತು, ಅದು ಏರಬೇಕಾದರೆ ಇನ್ನೊಬ್ಬರ ಬೆನ್ನ ಹಿಂದೆ ಓಡಲೇಬೇಕಿತ್ತು. ಗೆಲ್ಲಬಲ್ಲ ಮನುಷ್ಯ ಓಟದ ಬಹುಭಾಗವನ್ನು ಎರಡನೆಯವರಾಗಿ, ತಮ್ಮನ ಚಕ್ರದ ಹಿಂದಿನ ಬಿಸಿಗಾಳಿಯಲ್ಲಿ ಕಳೆದು, ಬೇಕಾದಷ್ಟು ಸುತ್ತು ಪೂರೈಸಿ, ಕೊನೆಯ ಕೆಲವೇ ಸುತ್ತು ಉಳಿದಿರುವಾಗ ದಾಟಿ ಹೋಗಿ ಗೆದ್ದರು. ಅದನ್ನು ಎಷ್ಟೋ ಜನ ಚಾತುರ್ಯವೆಂದು ಹೊಗಳಿದರು, ಅದು ಚಾತುರ್ಯವೇ. ನನಗೆ ಅದಕ್ಕಿಂತ ಹೆಚ್ಚು ದೊಡ್ಡದಾಗಿ ಕಾಣುವುದು ಅಷ್ಟು ಹೊತ್ತು ಹಿಂದೆ ಇರಲು ಬೇಕಾದ ಮನಸ್ಸು. ಗೆಲ್ಲುವ ಶಕ್ತಿ ಇದ್ದೂ ಮುಂದೆ ಹೋಗದೆ ಇರುವುದು, ಅದೂ ಲಕ್ಷಾಂತರ ಜನ ನೋಡುತ್ತಿರುವಾಗ, ವೇಗವನ್ನೇ ಬದುಕಾಗಿಸಿಕೊಂಡವರಿಗೆ ಸುಲಭದ ಕೆಲಸವಾಗಿರಲಾರದು. ಅದಕ್ಕೂ ಮುಂಚೆ, ತಾವು ಹೊರಟಾಗ ಇಟ್ಟ ಅಂದಾಜು ಓಟದ ನಡೆಗೆ ಹೊಂದುತ್ತಿಲ್ಲ ಎಂದು ಓಟದ ನಡುವೆಯೇ ಒಪ್ಪಿಕೊಂಡರಲ್ಲ, ಅದು.

ಮುಂದಿನ ತಿಂಗಳು ಕತಾರಿನಲ್ಲಿ ಇನ್ನೊಬ್ಬ ಸವಾರ ಮಾವೆರಿಕ್ ವಿನ್ಯಾಲೆಸ್ ಯಾರೂ ನಿರೀಕ್ಷಿಸದ ಹಾಗೆ ಓಡಿಸಿ, ಕೆಲವು ಸುತ್ತು ಎಲ್ಲರಿಗಿಂತ ಮುಂದೆಯೂ ಇದ್ದು, ಎರಡನೆಯವರಾಗಿ ಗೆರೆ ದಾಟಿದರು. ಮುಂಚಕ್ರದ ಒತ್ತಡ ಕಡಿಮೆಯಿತ್ತೆಂದು 16 ಸೆಕೆಂಡು ಸೇರಿತು, ಹದಿನಾಲ್ಕನೆಯವರಾದರು. ಈ ನಿಯಮ ನ್ಯಾಯವೇ ಎಂದು ಬಹಳ ಚರ್ಚೆ ಇದೆ. ಟೈರು ಒಡೆದು ಸವಾರ ಸಾಯದಿರಲಿ ಎಂಬ ಉದ್ದೇಶದ ನಿಯಮವನ್ನು ನಾನು ವಿರೋಧಿಸಲಾರೆ. ಆದರೆ ಒಬ್ಬನ ಟೈರಿನ ಕಾವು ಅವನ ಮುಂದೆ ಯಾರಿದ್ದಾರೆಂಬುದರ ಮೇಲೆ ನಿಂತಿರುವಾಗ, ದಂಡವನ್ನು ಅವನೊಬ್ಬನೇ ಹೊರುವುದನ್ನು ನೋಡಿದರೆ ಮನಸ್ಸಿಗೆ ಸಮಾಧಾನವಾಗುವುದಿಲ್ಲ. ತಮ್ಮ ಬಗ್ಗೆ ಕಡಿಮೆ ಅಂದಾಜು ಇಟ್ಟುಕೊಳ್ಳುವುದು ವಿನಯ ಎಂದು ನಾವು ಬೆಳೆಯುತ್ತಾ ಕಲಿತಿದ್ದೇವೆ. ಆದರೆ ಗುಂಪಿನಲ್ಲೇ ಉಳಿಯುತ್ತೇವೆಂದು ಲೆಕ್ಕ ಹಾಕಿ ಹೊರಟ ತಂಡಕ್ಕೆ ಗೆಲುವು ಎದುರಾದ ದಿನ ಆ ವಿನಯ ಕೈಕೊಡುತ್ತದೆ. ತನ್ನನ್ನು ಹೆಚ್ಚಿಗೆ ಎಣಿಸಿಕೊಳ್ಳುವುದು ಎಷ್ಟು ತಪ್ಪೋ ಕಡಿಮೆ ಎಣಿಸಿಕೊಳ್ಳುವುದೂ ಅಷ್ಟೇ ತಪ್ಪು ಎಂಬುದನ್ನು ಒಂದು ಗಾಳಿಯ ಮೀಟರು ಇಷ್ಟು ನಿರ್ದಾಕ್ಷಿಣ್ಯವಾಗಿ ತೋರಿಸುತ್ತದೆಂದು ಯಾರು ಎಣಿಸಿದ್ದರು?

ಆ ಮೀಟರಿನ ಬಗ್ಗೆಯೂ ಒಂದು ಮಾತು. ಅದು ಒಳಗಿನ ಗಾಳಿಯ ಪೂರ್ತಿ ಒತ್ತಡವನ್ನು ತೋರಿಸುವುದಿಲ್ಲ. ಒಳಗಿನದಕ್ಕೂ ಹೊರಗಿನದಕ್ಕೂ ಇರುವ ವ್ಯತ್ಯಾಸವನ್ನಷ್ಟೇ ತೋರಿಸುತ್ತದೆ. ಮಂಗಳೂರಿನ ಕಡಲತಡಿಯಲ್ಲಿ ಗಾಳಿ ಹಾಕಿಸಿ, 1,900 ಮೀಟರಿಗೂ ಎತ್ತರದ ಮುಳ್ಳಯ್ಯನಗಿರಿಯ ಮೇಲೆ ನಿಂತು ನೋಡಿದರೆ, ಟೈರಿನೊಳಗೆ ಒಂದು ಉಸಿರೂ ಹೆಚ್ಚಾಗಿರದಿದ್ದರೂ ಮೀಟರು ಮೂರು ಪಿಎಸ್‌ಐಯಷ್ಟು ಹೆಚ್ಚು ತೋರಿಸಬೇಕು, ಹೊರಗಿನ ಗಾಳಿ ಅಲ್ಲಿ ತೆಳುವಾದ್ದರಿಂದ. ಅಲ್ಲಿಯ ಚಳಿ ಅದರಲ್ಲಿ ಒಂದಿಷ್ಟನ್ನು ಮತ್ತೆ ಕೆಳಗೆಳೆಯುತ್ತದೆ. ಅದಲ್ಲದೆ ಒಂದು ಮೀಟರಿಗೂ ಇನ್ನೊಂದಕ್ಕೂ ಒಂದೆರಡು ಅಂಕಿ ಹೊಂದದಿರುವುದು ಸಾಮಾನ್ಯ. ಅದಕ್ಕೇ ತಿಳಿದವರು ಒಂದೇ ಮೀಟರನ್ನು ವರ್ಷಗಟ್ಟಲೆ ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಅದು ಎರಡು ಅಂಕಿ ತಪ್ಪು ಹೇಳಿದರೂ ಚಿಂತೆಯಿಲ್ಲ, ಪ್ರತಿ ಸಲವೂ ಅದೇ ಎರಡು ಅಂಕಿ ತಪ್ಪು ಹೇಳಿದರೆ ಸಾಕು. ದಿನಕ್ಕೊಂದು ಬಂಕಿನ ಮೀಟರಿಗೆ ನಂಬಿಕೆಯನ್ನು ಬದಲಾಯಿಸುವವರಿಗೆ ತಮ್ಮ ಟೈರು ನಿಧಾನವಾಗಿ ಇಳಿಯುತ್ತಿರುವುದೂ ತಿಳಿಯುವುದಿಲ್ಲ.

ಆ ಹುಡುಗರಂಥವರು ತಮ್ಮ ಗಾಡಿಯನ್ನೇ ಟ್ರ್ಯಾಕಿಗಿಳಿಸುವ ಟ್ರ್ಯಾಕ್ ದಿನದ ಅತ್ಯಂತ ಅಪಾಯದ ಹೊತ್ತು ಯಾವುದೆಂದು ಕೇಳಿದರೆ ನಾನು ಸಂಜೆಯನ್ನು ಹೇಳುತ್ತೇನೆ. ಕೊನೆಯ ಸುತ್ತಾಟ ಮುಗಿದಿದೆ, ಮೈ ದಣಿದಿದೆ, ಮನಸ್ಸು ಹಗುರಾಗಿ ತೇಲುತ್ತಿದೆ. ಕನ್ನಡಿ ಮತ್ತೆ ಜೋಡಿಸಿದ್ದಾರೆ, ಟೇಪು ಕಿತ್ತಿದ್ದಾರೆ, ಬ್ಯಾಗು ಕಟ್ಟಿದ್ದಾರೆ, ಫೋಟೋ ತೆಗೆದುಕೊಂಡಿದ್ದಾರೆ. ಟೈರು ಇನ್ನೂ ಬಿಸಿಯಿರುವುದರಿಂದ ಒತ್ತಿ ನೋಡಿದರೆ ಗಟ್ಟಿಯಾಗಿಯೇ ಇದೆ. ಅರ್ಧ ತಾಸಿನಲ್ಲಿ ಅದು ಬಹುಮಟ್ಟಿಗೆ ತಣಿದು ಬೆಳಗಿನ ಆ ಕಡಿಮೆ ಅಂಕಿಯತ್ತ ಇಳಿಯುತ್ತದೆ. ಮುಂದೆ ವೆಲ್ಲೂರು, ಕೃಷ್ಣಗಿರಿ, ಹೊಸೂರು ಹಾದು ಬೆಂಗಳೂರಿನವರೆಗೆ ಲಾರಿಗಳ ಹೆದ್ದಾರಿ, ಕತ್ತಲು, ಬ್ಯಾಗಿನ ಭಾರ, ಒಂದೇ ವೇಗದ ಗಂಟೆಗಳು. ಟ್ರ್ಯಾಕಿಗೆ ಸರಿಯಾಗಿದ್ದ ಗಾಳಿಯಲ್ಲಿ ಆ ದಾರಿ ಹಿಡಿದರೆ ಟೈರು ಬಗ್ಗಿ ಬಗ್ಗಿ ಒಳಗೇ ಕಾಯುತ್ತಾ ಹೋಗುತ್ತದೆ. ಗಾಳಿಯ ವಿಷಯ ಹೀಗಾದರೆ ಸವಾರನ ಮನಸ್ಸಿನದೂ ಬೇರೆಯಲ್ಲ. ಇಡೀ ದಿನ ಎದುರಿನಿಂದ ಯಾರೂ ಬರದ ದಾರಿಯಲ್ಲಿ ಓಡಿಸಿ ಹದಗೊಂಡ ಕಣ್ಣು, ತಿರುವಿನ ಆಚೆ ಏನೂ ಇಲ್ಲವೆಂದು ನಂಬಲು ಕಲಿತ ಕಣ್ಣು, ಗೇಟು ದಾಟಿದ ಕೂಡಲೇ ಟ್ರಾಕ್ಟರೊಂದು ದೀಪವಿಲ್ಲದೆ ಎದುರು ಬರಬಹುದಾದ ಲೋಕಕ್ಕೆ ಇಳಿಯುತ್ತದೆ. ಕಣದ ಉಮೇದನ್ನು ಮನೆಯವರೆಗೆ, ಕಚೇರಿಯವರೆಗೆ, ಊಟದ ಮನೆಯವರೆಗೆ ಹೊತ್ತು ತರುವವರನ್ನು ನಾವು ಬೈಕು ಓಡಿಸದವರಲ್ಲೂ ಕಾಣುವುದಿಲ್ಲವೇ?

ಟ್ರ್ಯಾಕ್ ದಿನಗಳನ್ನು ಏರ್ಪಡಿಸುವವರು ಬೆಳಿಗ್ಗೆ ಗಾಡಿಗಳನ್ನು ಸಾಲಾಗಿ ನಿಲ್ಲಿಸಿ ಚೈನು, ಬ್ರೇಕು, ಹೆಲ್ಮೆಟ್ಟು, ಬೂಟು ಎಲ್ಲವನ್ನೂ ತಪಾಸಣೆ ಮಾಡುತ್ತಾರೆ; ಒಂದು ಸಣ್ಣ ಕೊರತೆ ಇದ್ದರೂ ಒಳಗೆ ಬಿಡುವುದಿಲ್ಲ. ಸರಿಯಾದದ್ದೇ. ಆದರೆ ಸಂಜೆ ಹೊರಗೆ ಹೋಗುವಾಗಲೂ ಅಂಥದೊಂದು ತಪಾಸಣೆ ಇರಬೇಕೆಂದು ನಾನು ಬಲವಾಗಿ ನಂಬುತ್ತೇನೆ. ಹೆಚ್ಚಿನದೇನೂ ಬೇಡ. ಹೊರಬಾಗಿಲಿನ ಪಕ್ಕದಲ್ಲಿ ಒಂದು ಗಾಳಿಯ ಪಂಪು, ಒಂದು ಒಳ್ಳೆಯ ಮೀಟರು, ಯಾವ ಗಾಡಿಗೆ ರಸ್ತೆಯಲ್ಲಿ ಎಷ್ಟು ಎಂದು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಲಗೆ, ಮತ್ತು ಟೈರು ತಣಿಯುವವರೆಗೆ ಕೂತು ಟೀ ಕುಡಿಯಲು ಒಂದು ಬೆಂಚು. ಅರ್ಧ ಗಂಟೆ ಕಾಯದೆ, ಗಾಳಿ ನೋಡಿಸದೆ ಯಾರನ್ನೂ ಹೆದ್ದಾರಿಗೆ ಬಿಡಬಾರದು. ಅಲ್ಲಿ ಪಂಪು ಹಿಡಿದು ನಿಲ್ಲುವವರು ಬರಿಯ ಎಷ್ಟು ಹಾಕಲಿ ಎಂದು ಕೇಳುವುದು ಸಾಲದು. ಎಲ್ಲಿಯವರೆಗೆ ಹೋಗುತ್ತೀರಿ, ದಾರಿಯಲ್ಲಿ ಯಾರನ್ನಾದರೂ ಹತ್ತಿಸಿಕೊಳ್ಳುತ್ತೀರಾ ಎಂದೂ ಕೇಳಬೇಕು, ಉತ್ತರ ಕೇಳಿದ ಮೇಲೆ ಹಿಂಚಕ್ರದ ವಾಲ್ವಿನ ಮುಚ್ಚಳ ಬಿಚ್ಚಬೇಕು.